ಗಾಳಿಯೇ ಎದುರಾಳಿ

ಆಷಾಢದಲ್ಲಿ ಹಾವೇರಿಯಿಂದ ರಾಣೆಬೆನ್ನೂರಿಗೆ ಸೈಕಲ್ ಹೊಡೆದವರ ಮೈಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಹೋಗುವಾಗ ಹಗುರ, ಬರುವಾಗ ಹೆಣಭಾರ. ರಸ್ತೆ ಅದೇ, ಸೈಕಲ್ ಅದೇ, ಕಾಲೂ ಅವೇ. ನಕಾಶೆ ಬಿಡಿಸಿ ನೋಡಿದರೆ ಕಾರಣ ಕಾಣುತ್ತದೆ. ರಾಣೆಬೆನ್ನೂರು ಇರುವುದು ಹಾವೇರಿಗೆ ಆಗ್ನೇಯದಲ್ಲಿ. ಮುಂಗಾರಿನ ಗಾಳಿ ಸಹ್ಯಾದ್ರಿ ದಾಟಿ ಪಡುವಣದಿಂದ, ನೈಋತ್ಯದಿಂದ ಈ ಬಯಲಿಗೆ ಇಳಿಯುತ್ತದೆ. ಹಾಗಾಗಿ ಮೋಟೆಬೆನ್ನೂರು ದಾಟುವಾಗ ಅದು ಬೆನ್ನಿನ ಓರೆಯಿಂದ ತಳ್ಳುತ್ತಿರುತ್ತದೆ. ಮರಳುವಾಗ ಅದೇ ಗಾಳಿ ಎದೆಗೆ ಬಂದು ನಿಲ್ಲುತ್ತದೆ. ಬ್ಯಾಡಗಿಯ ಕಣಗಳಲ್ಲಿ ಮೆಣಸಿನಕಾಯಿ ಕೆಂಪಗೆ ಒಣಗುವ ಚಳಿಗಾಲದಲ್ಲಿ ಮೂಡಗಾಳಿ ಶುರುವಾಗಿ ಲೆಕ್ಕ ತಿರುವುಮುರುವಾಗುತ್ತದೆ.

ಈ ಎದುರುಗಾಳಿಯ ಜತೆಗಿನ ಹೋರಾಟವನ್ನೇ ಕಸುಬು ಮಾಡಿಕೊಂಡವರು ಟೈಮ್ ಟ್ರಯಲ್ ಸೈಕ್ಲಿಸ್ಟರು. ಸಾಮಾನ್ಯ ಸೈಕಲ್ ರೇಸಿನಲ್ಲಿ ನೂರೈವತ್ತು ಜನ ಗುಂಪಾಗಿ ಹೊರಡುತ್ತಾರೆ. ಮುಂದಿನವನ ಹಿಂದೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಳಿಯುತ್ತದೆ. ಹಾಗಾಗಿ ಅಲ್ಲಿ ಗೆಲುವಿಗೆ ಜಾಣತನ, ಹೊಂಚು, ತಂಡದ ನೆರವು ಎಲ್ಲವೂ ಬೇಕು. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ಒಂದೋ ಎರಡೋ ನಿಮಿಷದ ಅಂತರದಲ್ಲಿ ಬಿಡುತ್ತಾರೆ. ಯಾರ ಹಿಂದೆಯೂ ಅವಿತು ಹೋಗುವಂತಿಲ್ಲ. ನಿಗದಿತ ದೂರವನ್ನು ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದಂತೆ.

ಈ ಆಟ ಹುಟ್ಟಿದ್ದು ಭಯದಿಂದ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಗುಂಪು ಸೈಕಲ್ ಓಟಕ್ಕೆ ಜನರ, ಪೊಲೀಸರ ವಿರೋಧ ಹೆಚ್ಚಿ, ಸೈಕ್ಲಿಂಗ್ ಸಂಘವೇ ಅದನ್ನು ನಿಷೇಧಿಸಿತ್ತು. 1895ರಲ್ಲಿ ಎಫ್. ಟಿ. ಬಿಡ್ಲೇಕ್ ಎಂಬಾತ ಸವಾರರನ್ನು ಬಿಡಿಬಿಡಿಯಾಗಿ ಹೊರಡಿಸಿ, ಗಡಿಯಾರದ ಮೇಲೆ ಪೈಪೋಟಿ ನಡೆಸುವ 50 ಮೈಲಿಯ ಸ್ಪರ್ಧೆ ಏರ್ಪಡಿಸಿದ. ಮುಂದೆ ಬೆಳಕು ಹರಿಯುವ ಹೊತ್ತಿಗೆ, ಕತ್ತಿನಿಂದ ಕಾಲಿನವರೆಗೆ ಕಪ್ಪು ಬಟ್ಟೆ ತೊಟ್ಟು, ಮಾರ್ಗಕ್ಕೆ ಗುಟ್ಟಿನ ಸಂಕೇತ ಕೊಟ್ಟು ಓಡಿಸುವುದೇ ಅಲ್ಲಿನ ರೂಢಿಯಾಯಿತು. ನೋಡಿದವರಿಗೆ ಅದು ರೇಸ್ ಅನ್ನಿಸಬಾರದಿತ್ತು. 1994ರಿಂದ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ 1996ರಿಂದ ಒಲಿಂಪಿಕ್ಸ್‌ನಲ್ಲೂ ಇಂದಿನ ರೂಪದ ಟೈಮ್ ಟ್ರಯಲ್ ಇದೆ.

ಈಗ ಲೆಕ್ಕಕ್ಕೆ ಬರೋಣ. ಸಪಾಟು ರಸ್ತೆಯಲ್ಲಿ ಸೈಕಲ್ಲನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು: ಉರುಳುವಾಗ ಟೈರು ರಸ್ತೆಗೆ ಒತ್ತಿ ಅಮುಕುವುದರಿಂದ ಆಗುವ ಉರುಳು ತಡೆ, ಮತ್ತೆ ಗಾಳಿಯ ತಡೆ. ಉರುಳು ತಡೆಗೆ ಖರ್ಚಾಗುವ ಶಕ್ತಿ ವೇಗ ಏರಿದಷ್ಟೇ ಏರುತ್ತದೆ. ಗಾಳಿಗೆ ತೆರುವ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಹಳೆಯ ಹೀರೋ ಅಥವಾ ಅಟ್ಲಾಸ್ ಸೈಕಲ್ ಮೇಲೆ ನೆಟ್ಟಗೆ ಕೂತು ಗಂಟೆಗೆ 15 ಕಿ.ಮೀ. ವೇಗದಲ್ಲಿ ಸಂತೆಗೆ ಹೋಗುವವರಿಗೆ ಬೇಕಾಗುವುದು ಸುಮಾರು 50 ವ್ಯಾಟ್. ಅದರಲ್ಲಿ 30 ಟೈರಿಗೆ, 20 ಗಾಳಿಗೆ. ಆ ವೇಗದಲ್ಲಿ ಟೈರಿಗೆ ಗಾಳಿ ಹೊಡೆಸುವುದೇ ದೊಡ್ಡ ಸುಧಾರಣೆ. ಗಂಟೆಗೆ 45 ಕಿ.ಮೀ. ತಲುಪಿದರೆ ಚಿತ್ರವೇ ಬೇರೆ. ಒಳ್ಳೆಯ ಟೈಮ್ ಟ್ರಯಲ್ ಸೈಕಲ್, ಅದಕ್ಕೆ ತಕ್ಕಂತೆ ಬಾಗಿದ ಮೈ, ಸೈಕಲ್ ಸೇರಿ 80 ಕಿಲೋ ತೂಕ ಎಂದುಕೊಂಡರೆ ಟೈರಿಗೆ 39 ವ್ಯಾಟ್, ಗಾಳಿಗೆ 245 ವ್ಯಾಟ್. ಸರಪಳಿಯಲ್ಲಿ ಸೋರುವುದೂ ಸೇರಿದರೆ ಪೆಡಲ್ ಮೇಲೆ ಸುಮಾರು 290 ವ್ಯಾಟ್ ಬೇಕು. ತೋಟದ ಪಂಪ್‌ಸೆಟ್ಟನ್ನು ಎಚ್‌ಪಿಯಲ್ಲಿ ಅಳೆಯುವ ನಮ್ಮ ರೈತರ ಭಾಷೆಯಲ್ಲಿ ಹೇಳುವುದಾದರೆ, ಇಂಥ ಹದಿಮೂರು ಸವಾರರು ಕೂಡಿದರೆ ಒಂದು 5 ಎಚ್‌ಪಿ ಮೋಟರು. ಆ ಶಕ್ತಿಯಲ್ಲಿ ಶೇ. 85ರಷ್ಟು ಕೇವಲ ಗಾಳಿಯನ್ನು ಪಕ್ಕಕ್ಕೆ ಸರಿಸುವುದರಲ್ಲಿ ಮುಗಿದುಹೋಗುತ್ತದೆ.

ಘನದ ನಿಯಮ ಎಷ್ಟು ಕಠಿಣ ಎಂದು ತಿಳಿಯಲು ವೇಗವನ್ನು 45ರಿಂದ 46ಕ್ಕೆ ಏರಿಸಿ ನೋಡಿ. 18 ವ್ಯಾಟ್ ಹೆಚ್ಚುವರಿ ಬೇಕು. ಗಳಿಕೆ 40 ಕಿ.ಮೀ. ಓಟದಲ್ಲಿ 70 ಸೆಕೆಂಡು. ಪಳಗಿದ ಸವಾರನೊಬ್ಬ ತನ್ನ ಕಾಲುಗಳಿಂದ 18 ವ್ಯಾಟ್ ಹೆಚ್ಚು ತೆಗೆಯಲು ಒಂದಿಡೀ ವರ್ಷದ ತಾಲೀಮು ಬೇಕಾಗಬಹುದು. ಅಷ್ಟಾದರೂ ಬರದೇ ಹೋಗಬಹುದು. ಆದರೆ ಅದೇ 18 ವ್ಯಾಟನ್ನು ಗಾಳಿಗೆ ಕೊಡದೆ ಉಳಿಸಿಕೊಳ್ಳುವ ದಾರಿ ಇದೆ. ಟೈಮ್ ಟ್ರಯಲ್ ಸವಾರರ ಇಡೀ ಬಾಳುವೆ ಈ ಉಳಿತಾಯದ ಸುತ್ತ ಕಟ್ಟಿಕೊಂಡದ್ದು.

ಜಗತ್ತು ಇದನ್ನು ಕಣ್ಣಾರೆ ಕಂಡದ್ದು 1989ರ ಜುಲೈ 23ರಂದು. ಅಂದು ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ. ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಮೂರು ವಾರಗಳ ಓಟದ ಬಳಿಕ ಫ್ರಾನ್ಸಿನ ಲೊರಾನ್ ಫಿನ್ಯೋ 50 ಸೆಕೆಂಡು ಮುಂದಿದ್ದರು. ಅಮೆರಿಕದ ಗ್ರೆಗ್ ಲೆಮಾಂಡ್ ತಮ್ಮ ಸೈಕಲ್ಲಿಗೆ ಟ್ರಯಥ್ಲಾನ್ ಆಟಗಾರರು ಬಳಸುವ ಉದ್ದನೆಯ ಹ್ಯಾಂಡಲ್ ಜೋಡಿಸಿ, ಮೊಣಕೈಗಳನ್ನು ಹತ್ತಿರ ತಂದು, ಮುಂದಕ್ಕೆ ಚಾಚಿ, ಹಿಂದೆ ಮೊನಚಾದ ಹೆಲ್ಮೆಟ್ ತೊಟ್ಟು ಬಂದರು. ಫಿನ್ಯೋ ಬರಿದಲೆ, ಕಟ್ಟಿದ ಜುಟ್ಟು ಗಾಳಿಗೆ ಹಾರುತ್ತಿತ್ತು. ಲೆಮಾಂಡ್ ಅಂದು 58 ಸೆಕೆಂಡು ಗಳಿಸಿ, 3,000 ಕಿ.ಮೀ. ಮೀರಿದ ಓಟವನ್ನು 8 ಸೆಕೆಂಡಿನಿಂದ ಗೆದ್ದರು. ಲೆಮಾಂಡ್ ಅವರ ಕಾಲಲ್ಲೂ ಅಂದು ಬಲ ಇತ್ತು, ಅದನ್ನು ಮರೆಯಬಾರದು. ಆದರೂ ಆ 8 ಸೆಕೆಂಡನ್ನು ಕೊಟ್ಟದ್ದು ಕೈಗಳ ಭಂಗಿ ಎಂದು ನಾನು ನಿಸ್ಸಂಶಯವಾಗಿ ನಂಬುತ್ತೇನೆ.

ಭಂಗಿಗೇಕೆ ಅಷ್ಟು ಬೆಲೆ? ಸೈಕಲ್ ಮತ್ತು ಸವಾರ ಸೇರಿ ಅನುಭವಿಸುವ ಗಾಳಿಯ ತಡೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸವಾರನ ಮೈಯದು. ಸಾವಿರಾರು ರೂಪಾಯಿಯ ಚಕ್ರ, ಲಕ್ಷಾಂತರ ರೂಪಾಯಿಯ ಫ್ರೇಮ್ ಇವೆಲ್ಲ ಉಳಿದ ಕಾಲು ಭಾಗದಲ್ಲಿ ಪಾಲು ಕೇಳುವಂಥವು. ತಡೆಯನ್ನು ಅಳೆಯಲು ಎರಡು ಸಂಗತಿಗಳ ಗುಣಲಬ್ಧ ಬಳಸುತ್ತಾರೆ: ಗಾಳಿಗೆ ಎದುರಾಗುವ ಮೈಯ ವಿಸ್ತೀರ್ಣ, ಮತ್ತು ಆ ಆಕಾರ ಗಾಳಿಯನ್ನು ಎಷ್ಟು ನಾಜೂಕಾಗಿ ಸೀಳುತ್ತದೆ ಎಂಬ ಗುಣಾಂಕ. ಇದನ್ನು ನಾವು ತಡೆ-ವಿಸ್ತೀರ್ಣ ಎಂದು ಕರೆಯೋಣ. ನೆಟ್ಟಗೆ ಕೂತ ಸವಾರನದು ಅರ್ಧ ಚದರ ಮೀಟರಿನ ಆಸುಪಾಸು. ರೇಸ್ ಸೈಕಲ್ಲಿನ ಕೆಳ ಹಿಡಿಕೆ ಹಿಡಿದು ಬಾಗಿದರೆ 0.30. ಟೈಮ್ ಟ್ರಯಲ್ ಭಂಗಿಯಲ್ಲಿ 0.23ರ ಹತ್ತಿರ; ಜಗತ್ತಿನ ಕೆಲವೇ ಅತ್ಯುತ್ತಮರು 0.20ಕ್ಕಿಂತ ಕೆಳಗೆ. 45 ಕಿ.ಮೀ. ವೇಗದಲ್ಲಿ 0.30ರ ಸವಾರನಿಗೆ 367 ವ್ಯಾಟ್ ಬೇಕಾದರೆ 0.23ರವನಿಗೆ 290 ಸಾಕು. 77 ವ್ಯಾಟ್ ವ್ಯತ್ಯಾಸ, ಒಂದೂ ಸ್ನಾಯು ಬೆಳೆಸದೆ!

ಆದರೆ ಎಷ್ಟು ಬೇಕಾದರೂ ಬಾಗಬಹುದು ಎಂದಲ್ಲ. ತೊಡೆ ಮತ್ತು ಹೊಟ್ಟೆಯ ನಡುವಿನ ಕೋನ ಕಿರಿದಾದಷ್ಟೂ ಕಾಲು ಬಲ ಕಳೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಗಾಳಿಯಿಂದ ಉಳಿಸಿದ್ದಕ್ಕಿಂತ ಮೈಯಿಂದ ಕಳೆದದ್ದು ಹೆಚ್ಚಾದರೆ ನಷ್ಟ. ಈ ಎರಡರ ನಡುವಿನ ಹದ ಒಬ್ಬೊಬ್ಬರಿಗೆ ಒಂದೊಂದು. ಸ್ಕಾಟ್ಲೆಂಡಿನ ಗ್ರೇಮ್ ಓಬ್ರೀ ಅದನ್ನು ತಾನೇ ಹುಡುಕಿಕೊಂಡ ಮನುಷ್ಯ. ವಾಷಿಂಗ್ ಮಷೀನಿನ ಬೇರಿಂಗ್ ಬಳಸಿ ಸ್ವಂತ ಸೈಕಲ್ ಕಟ್ಟಿ, ಕೈಗಳನ್ನು ಎದೆಯಡಿಗೆ ಮಡಚಿ, 1993ರಲ್ಲಿ ಒಂದು ಗಂಟೆಯಲ್ಲಿ 51.596 ಕಿ.ಮೀ. ಕ್ರಮಿಸಿ ವಿಶ್ವದಾಖಲೆ ಮಾಡಿದರು. ಮರುವರ್ಷವೇ ಆ ಭಂಗಿಯನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಷೇಧಿಸಿತು. 2022ರಲ್ಲಿ ಡ್ಯಾನ್ ಬಿಗಮ್ ಎಂಬ ವಾಯುಬಲ ಎಂಜಿನಿಯರ್ 55.548 ಕಿ.ಮೀ. ತುಳಿದು ಇದೇ ದಾಖಲೆ ಹಿಡಿದರು. ಎರಡೇ ತಿಂಗಳಲ್ಲಿ ಅವರು ಎಂಜಿನಿಯರಾಗಿ ಕೆಲಸ ಮಾಡುತ್ತಿದ್ದ ತಂಡದ ಫಿಲಿಪ್ಪೋ ಗಾನ್ನಾ ಅದನ್ನು 56.792ಕ್ಕೆ ಏರಿಸಿದರು. ಲೆಕ್ಕ ಬಲ್ಲವರು ಈ ಆಟದಲ್ಲಿ ಹೊರಗಿನವರಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಬಟ್ಟೆಯ ವಿಷಯ ನನಗೆ ಬಹಳ ಇಷ್ಟದ್ದು. ನುಣುಪಾದ ಬಟ್ಟೆಗೆ ತಡೆ ಕಡಿಮೆ ಎಂದು ಯಾರಿಗಾದರೂ ಅನ್ನಿಸುತ್ತದೆ. ವೃತ್ತಿಪರರ ಅಂಗಿಯ ತೋಳುಗಳಲ್ಲಿ ಬೇಕೆಂದೇ ಸಣ್ಣ ಗೆರೆಗಳನ್ನು, ಒರಟು ನೇಯ್ಗೆಯನ್ನು ಇಡುತ್ತಾರೆ. ದುಂಡಗಿನ ವಸ್ತುವಿನ ಸುತ್ತ ಹರಿಯುವ ಗಾಳಿ ಮೇಲ್ಮೈಗೆ ಅಂಟಿಕೊಂಡು ಹೋಗಿ ಒಂದು ಜಾಗದಲ್ಲಿ ಕಳಚಿಕೊಳ್ಳುತ್ತದೆ. ಬೇಗ ಕಳಚಿದರೆ ಹಿಂದೆ ದೊಡ್ಡ ಸುಳಿ, ಕಡಿಮೆ ಒತ್ತಡ. ಅದು ಸವಾರನನ್ನು ಹಿಂದಕ್ಕೆ ಎಳೆಯುತ್ತದೆ. ಮೇಲ್ಮೈ ಸ್ವಲ್ಪ ಒರಟಾಗಿದ್ದರೆ ಅಂಟಿದ ಪದರದಲ್ಲಿ ಸಣ್ಣ ಪ್ರಕ್ಷುಬ್ಧತೆ ಹುಟ್ಟಿ, ಗಾಳಿ ಇನ್ನಷ್ಟು ಹಿಂದಿನವರೆಗೆ ಅಂಟಿಕೊಂಡಿರುತ್ತದೆ. ಸುಳಿ ಕಿರಿದಾಗುತ್ತದೆ. ತೋಳಿನಷ್ಟು ದಪ್ಪದ ನುಣುಪು ಸಿಲಿಂಡರಿಗೆ ಈ ಬದಲಾವಣೆ ಆಗಬೇಕಾದರೆ ಸೈಕಲ್ ಮುಟ್ಟಲಾಗದ ವೇಗ ಬೇಕು. ಒರಟು ಬಟ್ಟೆ ಆ ಹೊಸ್ತಿಲನ್ನು ಸೈಕಲ್ಲಿನ ವೇಗಕ್ಕೆ ಇಳಿಸಿಕೊಡುತ್ತದೆ. ಗಾಲ್ಫ್ ಚೆಂಡಿಗೆ ಗುಳಿ ಇರುವುದೂ ಇದೇ ಕಾರಣಕ್ಕೆ.

ಮತ್ತೆ ನಮ್ಮ ರಸ್ತೆಗೆ ಮರಳಿ ಗಾಳಿಯ ಲೆಕ್ಕ ಮುಗಿಸೋಣ. ಹೋಗುವಾಗ ಗಳಿಸಿದ್ದು ಬರುವಾಗ ಕಳೆದುಹೋಗಿ ಸರಿಸಮ ಆಗುತ್ತದೆ ಎಂಬುದು ತಪ್ಪು ಲೆಕ್ಕ. 20 ಕಿ.ಮೀ. ಹೋಗಿ ಅದೇ ದಾರಿಯಲ್ಲಿ ಮರಳುವ ಸ್ಪರ್ಧೆ ಎಂದುಕೊಳ್ಳಿ. ಗಾಳಿ ಇಲ್ಲದ ದಿನ 45 ಕಿ.ಮೀ. ವೇಗದ ನಮ್ಮ ಸವಾರ 53 ನಿಮಿಷ 20 ಸೆಕೆಂಡಿಗೆ ಮುಗಿಸುತ್ತಾನೆ. ಗಂಟೆಗೆ 10 ಕಿ.ಮೀ. ಗಾಳಿ ನೇರವಾಗಿ ಬೀಸಿದರೆ ಅದೇ ಶಕ್ತಿಗೆ ಒಂದು ಕಡೆ ಸುಮಾರು 51.6 ಕಿ.ಮೀ. ವೇಗ, ಇನ್ನೊಂದು ಕಡೆ 38.9. ಒಟ್ಟು ಸಮಯ 54 ನಿಮಿಷ ದಾಟುತ್ತದೆ. ಮುಕ್ಕಾಲು ನಿಮಿಷ ನಷ್ಟ. ಕಾರಣ ಸರಳ: ಎದುರುಗಾಳಿಯಲ್ಲಿ ಕಳೆಯುವ ಹೊತ್ತು ಹೆಚ್ಚು, ಹಿಂಗಾಳಿಯ ಸುಖ ಅನುಭವಿಸುವ ಹೊತ್ತು ಕಡಿಮೆ. ಆದ್ದರಿಂದ ಅನುಭವಸ್ಥರು ಶಕ್ತಿಯನ್ನು ಸಮನಾಗಿ ಹಂಚುವುದಿಲ್ಲ. ನಿಧಾನದ ಕಡೆ ಸ್ವಲ್ಪ ಹೆಚ್ಚು ತುಳಿದು, ವೇಗದ ಕಡೆ ಸ್ವಲ್ಪ ಸಡಿಲಿಸುತ್ತಾರೆ. ಆಷಾಢದಲ್ಲಿ ಹಾವೇರಿಯಿಂದ ಹೊರಟವರು ಹಿಂಗಾಳಿಯ ಅಮಲಿನಲ್ಲಿ ಮೊದಲರ್ಧದಲ್ಲೇ ಕಾಲು ಖಾಲಿ ಮಾಡಿಕೊಂಡರೆ ಮರಳುವ ದಾರಿ ಕ್ಷಮಿಸುವುದಿಲ್ಲ.

ರಾಣೆಬೆನ್ನೂರಿನ ಪಕ್ಕದಲ್ಲೇ 1974ರಲ್ಲಿ ಘೋಷಣೆಯಾದ 119 ಚದರ ಕಿ.ಮೀ. ಕೃಷ್ಣಮೃಗ ಅಭಯಾರಣ್ಯವಿದೆ. ಬೆದರಿದ ಕೃಷ್ಣಮೃಗ ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಿಮ್ಮಬಲ್ಲದು, ಆದರೆ ಸ್ವಲ್ಪ ಹೊತ್ತು. ಟೈಮ್ ಟ್ರಯಲ್ ಸವಾರರಿಗೆ ಚಿಮ್ಮುವುದು ನಿಷಿದ್ಧ. ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಹುಟ್ಟುವ ವೇಗವೂ ಅದನ್ನು ದೇಹ ಬಳಸಿ ಮುಗಿಸುವ ವೇಗವೂ ಸರಿಹೋಗುವ ಒಂದು ಗಡಿ ಇದೆ. ಆ ಗಡಿಯ ಮೇಲೆ, ಒಂದಿಷ್ಟೂ ಆಚೆ ಜಾರದೆ, ಸುಮಾರು ಒಂದು ಗಂಟೆ ನಿಲ್ಲುವುದೇ ಈ ಕಲೆ.

ಹಾವೇರಿ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಎತ್ತರ ಏರಿದಷ್ಟೂ, ಬಿಸಿಲು ಕಾದಷ್ಟೂ ಗಾಳಿ ತೆಳುವಾಗುತ್ತದೆ. 15 ಡಿಗ್ರಿಯಲ್ಲಿ ಕಡಲತಡಿಯ ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗಿದರೆ, 30 ಡಿಗ್ರಿಯ ಹಾವೇರಿಯಲ್ಲಿ ಅದು 1.09. ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ 1972ರಲ್ಲಿ ತಮ್ಮ 49.431 ಕಿ.ಮೀ. ಗಂಟೆ ದಾಖಲೆಗೆ ಮೆಕ್ಸಿಕೋ ಸಿಟಿಯ ಎತ್ತರವನ್ನು ಆರಿಸಿಕೊಂಡದ್ದು ಈ ತೆಳುಗಾಳಿಗಾಗಿ. ನಮ್ಮಲ್ಲೇ 20 ಡಿಗ್ರಿಯ ನಸುಕಿಗಿಂತ 34 ಡಿಗ್ರಿಯ ಮಧ್ಯಾಹ್ನದ ಗಾಳಿ ನಾಲ್ಕೂವರೆ ಶೇಕಡಾ ತೆಳು, 40 ಕಿ.ಮೀ.ಗೆ ಮುಕ್ಕಾಲು ನಿಮಿಷದ ಹತ್ತಿರ ಲಾಭ.

ಹಾಗಿದ್ದರೆ ಮಟಮಟ ಮಧ್ಯಾಹ್ನ ತುಳಿಯಬೇಕೇ? ಇಲ್ಲಿ ಮೈ ಅಡ್ಡ ಬರುತ್ತದೆ. ಸ್ನಾಯು ಉರಿಸಿದ ಶಕ್ತಿಯಲ್ಲಿ ಪೆಡಲ್ಲಿಗೆ ತಲುಪುವುದು ನಾಲ್ಕನೇ ಒಂದು ಭಾಗ. ಪೆಡಲ್ ಮೇಲೆ 290 ವ್ಯಾಟ್ ಎಂದರೆ ಒಳಗೆ ಸುಮಾರು 870 ವ್ಯಾಟ್ ಶಾಖ. ಅದನ್ನೆಲ್ಲ ಬೆವರೇ ಹೊರಹಾಕಬೇಕಾದರೆ ಓಟ ಮುಗಿಯುವುದರಲ್ಲಿ ಒಂದು ಲೀಟರಿಗೂ ಹೆಚ್ಚು ನೀರು ಚರ್ಮದಿಂದ ಆವಿಯಾಗಬೇಕು. ರಕ್ತ ಚರ್ಮದ ಕಡೆ ಹರಿದಷ್ಟೂ ಕಾಲಿಗೆ ಕಡಿಮೆ. ತೆಳುಗಾಳಿ ಕೊಟ್ಟದ್ದನ್ನು ಬಿಸಿಲು ಬಡ್ಡಿ ಸಮೇತ ವಸೂಲು ಮಾಡಿಕೊಳ್ಳುತ್ತದೆ.

ಬಿಸಿಯ ಮಾತು ಬಂದದ್ದರಿಂದ ಬ್ಯಾಡಗಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಮೆಣಸಿನಕಾಯಿ ನಾಲಿಗೆಗೆ ಖಾರವಾಗುವುದು ಅದರೊಳಗಿನ ಕ್ಯಾಪ್ಸೈಸಿನ್ ನರತುದಿಯ ಒಂದು ದ್ವಾರವನ್ನು ತೆರೆಯುವುದರಿಂದ. ಆ ದ್ವಾರ ನಿಜವಾಗಿ ಸುಮಾರು 43 ಡಿಗ್ರಿ ಮೀರಿದ ಬಿಸಿಯನ್ನು ಗುರುತಿಸಲು ಇರುವಂಥದ್ದು. ಇದನ್ನು ಕ್ಯಾಪ್ಸೈಸಿನ್ ಬಳಸಿಯೇ ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೂಟಿಯನ್ ಜತೆ ಹಂಚಿಕೊಂಡರು. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಕಾಯಿ ಈ ದ್ವಾರವನ್ನು ಮೆಲ್ಲಗೆ ತಟ್ಟುತ್ತದೆ, ಅಷ್ಟೇ. ತಂಪಿಗೂ ಅಂಥದೇ ಒಂದು ದ್ವಾರವಿದೆ. ಅದನ್ನು ಪುದೀನದ ಮೆಂಥಾಲ್ ತೆರೆಯುತ್ತದೆ. ಬಿಸಿಲಿನ ಓಟಗಳಲ್ಲಿ ಕೆಲವರು ಮೆಂಥಾಲ್ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸುವುದು ಇದಕ್ಕಾಗಿ. ಮೈ ತಂಪಾದಂತೆ ಅನ್ನಿಸಿ ತುಳಿತ ಹುರುಪಾಗುತ್ತದೆ, ಮೈಯ ಬಿಸಿ ಮಾತ್ರ ಇಳಿದಿರುವುದಿಲ್ಲ. ಅಪಾಯ ಇರುವುದೂ ಅಲ್ಲೇ.

ಇಂಥ ಬಾಳುವೆಯನ್ನು ಕರ್ನಾಟಕದಲ್ಲಿ ಕಟ್ಟಿಕೊಂಡವರಲ್ಲಿ ಬೆಂಗಳೂರಿನ ನವೀನ್ ಜಾನ್ ಮುಖ್ಯರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದಾಗ ಸೈಕಲ್ ರೇಸಿಂಗ್ ಹಿಡಿಸಿಕೊಂಡರು. ಭಾರತಕ್ಕೆ ಮರಳಿ, ಟೈಮ್ ಟ್ರಯಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. ಬೆಲ್ಜಿಯಂನ ರೇಸುಗಳಲ್ಲೂ ತುಳಿದರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ನಲ್ಲಿ ಭಾರತದ ಅಂಗಿ ತೊಟ್ಟು ಹೊರಟರು. ಆ ಸುಡುಬಿಸಿಲಿನ 40 ಕಿ.ಮೀ. ಓಟ ಗೆದ್ದವರು ಜರ್ಮನಿಯ ಟೋನಿ ಮಾರ್ಟಿನ್. ಸಮಯ 44 ನಿಮಿಷ 43 ಸೆಕೆಂಡು, ಅವರ ನಾಲ್ಕನೇ ವಿಶ್ವ ಪಟ್ಟ. ಆ ವೇಗಕ್ಕೆ ಏನು ಬೇಕು ಎಂದು ಮೇಲಿನ ಸೂತ್ರದಲ್ಲೇ ಲೆಕ್ಕ ಹಾಕಿದರೆ 470 ವ್ಯಾಟ್‌ಗಳ ಆಸುಪಾಸು ಬರುತ್ತದೆ. ಮಾರ್ಟಿನ್ ಮತ್ತು ಜಾನ್ ತುಳಿದದ್ದು ಅದೇ ಗಾಳಿಯಲ್ಲಿ, ಅದೇ ಡಾಂಬರಿನ ಮೇಲೆ. ಇಪ್ಪತ್ತು ದಾಟಿದ ಮೇಲೆ ರೇಸಿಗೆ ಇಳಿದ ಒಬ್ಬ ಎಂಜಿನಿಯರ್ ಅಲ್ಲಿಯವರೆಗೆ ಹೋದದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಈ ಆಟ ತಡವಾಗಿ ಬಂದವರನ್ನು ದೂರ ತಳ್ಳುವುದಿಲ್ಲ. ಅಮೆರಿಕದ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ ಸೊಂಟದ ಸಂಧಿವಾತದಿಂದ ಟ್ರಯಥ್ಲಾನ್ ಬಿಟ್ಟು ಸೈಕಲ್ ಹಿಡಿದಾಗ ಮೂವತ್ತರ ಹತ್ತಿರವಿದ್ದರು. 2008, 2012, 2016ರ ಮೂರೂ ಒಲಿಂಪಿಕ್ಸ್‌ನಲ್ಲಿ ಟೈಮ್ ಟ್ರಯಲ್ ಚಿನ್ನ ಅವರದೇ. ಕೊನೆಯದು 43ನೇ ಹುಟ್ಟುಹಬ್ಬದ ಹಿಂದಿನ ದಿನ. ಚಿಮ್ಮುವ ಬಲ ವಯಸ್ಸಿನ ಜತೆ ಬೇಗ ಕುಗ್ಗುತ್ತದೆ, ತಾಳಿಕೆ ನಿಧಾನವಾಗಿ. ಭಂಗಿಯ ಜ್ಞಾನ, ಶಕ್ತಿ ಹಂಚುವ ಲೆಕ್ಕ ಇವಂತೂ ವರ್ಷ ಕಳೆದಂತೆ ಹೆಚ್ಚುತ್ತಲೇ ಹೋಗುತ್ತವೆ.

ರಾಜ್ಯದ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ, ಜಮಖಂಡಿ. ಜಾತ್ರೆಗಳ ಸೈಕಲ್ ಓಟದಲ್ಲಿ ಪಳಗಿದ ಆ ಸೀಮೆಯ ಮಕ್ಕಳು ಸೈಕ್ಲಿಂಗ್ ಹಾಸ್ಟೆಲುಗಳಿಂದ, ಚಂದರಗಿಯ ಕ್ರೀಡಾಶಾಲೆಯಿಂದ ಹೊರಟು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಾ ಬಂದಿದ್ದಾರೆ. ಹಾವೇರಿ ಎಂದರೆ ಕುಸ್ತಿ, ಕಬಡ್ಡಿ, ಹೋರಿಹಬ್ಬ. ಆದರೆ ಕೃಷ್ಣಮೃಗ ಓಡುವ ಈ ಬಯಲೂ ವಿಜಯಪುರದ ಬಯಲಿನಂತೆ ಗಾಳಿಗೆ ತೆರೆದುಕೊಂಡದ್ದೇ. ಕಾಲಿನ ಬಲಕ್ಕೆ ಉತ್ತರ ಕರ್ನಾಟಕದಲ್ಲಿ ಬರ ಇಲ್ಲ. ಕೊರತೆ ಇರುವುದು ಅಳತೆಯಲ್ಲಿ. ಯುರೋಪಿನ ಸವಾರರು ಗಾಳಿಸುರಂಗದಲ್ಲಿ ಗಂಟೆಗಟ್ಟಲೆ ಕೂತು ಭಂಗಿ ತಿದ್ದಿಕೊಳ್ಳುತ್ತಾರೆ. ನಮ್ಮ ಹಾಸ್ಟೆಲ್ ಮಕ್ಕಳಿಗೆ ಅದು ಕೈಗೆಟುಕದ ಮಾತು.

ಆದರೆ ರಸ್ತೆಯನ್ನೇ ಪ್ರಯೋಗಶಾಲೆ ಮಾಡಿಕೊಳ್ಳಬಹುದು. ಹೆದ್ದಾರಿಯನ್ನಲ್ಲ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳು ಸಾಲುಗಟ್ಟಿ ಹೋಗುತ್ತವೆ. ಪಕ್ಕದಲ್ಲಿ ಹಾದ ಪ್ರತಿ ಲಾರಿಯೂ ಗಾಳಿಯನ್ನು ಮುಂದಕ್ಕೆ ಎಳೆದು ಸವಾರನಿಗೆ ಒಂದಿಷ್ಟು ವೇಗ ಕೊಡುತ್ತದೆ. ಬ್ರಿಟನ್ನಿನಲ್ಲಿ ಜೋಡಿರಸ್ತೆಗಳಲ್ಲಿ ಭಾರೀ ವೇಗದ ಸಮಯಗಳು ದಾಖಲಾಗಲು ಇದೂ ಒಂದು ಕಾರಣ. ಅಳತೆ ಕೆಡುತ್ತದೆ, ಜೀವಕ್ಕೂ ಅಪಾಯ. ವಾಹನ ವಿರಳವಾದ ಒಳರಸ್ತೆಯೊಂದನ್ನು ಆರಿಸಿ, ಗಾಳಿ ಏಳುವ ಮೊದಲೇ, ಸೂರ್ಯೋದಯದ ಹೊತ್ತಿಗೆ ಹೋಗಬೇಕು.

ಪೆಡಲ್ಲಿನ ಶಕ್ತಿ ಅಳೆಯುವ ಮೀಟರ್ ಇದ್ದರೆ ರಾಬರ್ಟ್ ಚುಂಗ್ ರೂಪಿಸಿದ ಒಂದು ಜಾಣ ವಿಧಾನವಿದೆ. ಒಂದೇ ಸುತ್ತನ್ನು ಕೆಲವು ಸಲ, ಬ್ರೇಕ್ ಹಿಡಿಯದೆ ತುಳಿಯಿರಿ. ಶಕ್ತಿ, ವೇಗ, ತೂಕ, ಉರುಳು ತಡೆ, ಗಾಳಿಯ ಸಾಂದ್ರತೆ ಗೊತ್ತಿದ್ದರೆ, ತಡೆ-ವಿಸ್ತೀರ್ಣಕ್ಕೆ ಒಂದು ಅಂದಾಜು ಸಂಖ್ಯೆ ಕೊಟ್ಟು ರಸ್ತೆಯ ಏರಿಳಿತವನ್ನು ಗಣಿಸಬಹುದು. ಅಂದಾಜು ತಪ್ಪಿದ್ದರೆ ಪ್ರತಿ ಸುತ್ತಿಗೂ ರಸ್ತೆ ಏರುತ್ತಲೋ ಇಳಿಯುತ್ತಲೋ ಹೋದಂತೆ ಲೆಕ್ಕ ಬರುತ್ತದೆ. ಹೊರಟ ಜಾಗಕ್ಕೇ ಮರಳಿದ್ದೇವಲ್ಲ, ಎತ್ತರ ಬದಲಾಗುವಂತಿಲ್ಲ! ಎಲ್ಲ ಸುತ್ತುಗಳೂ ಒಂದೇ ಎತ್ತರಕ್ಕೆ ಬಂದು ಕೂಡುವವರೆಗೆ ಸಂಖ್ಯೆಯನ್ನು ತಿದ್ದಿದರೆ ಅದೇ ನಿಮ್ಮ ತಡೆ-ವಿಸ್ತೀರ್ಣ.

ಮೀಟರ್ ಇಲ್ಲದವರಿಗೂ ದಾರಿ ಇದೆ. ಕೆರೆ ಏರಿಯಿಂದಲೋ ಸೇತುವೆಯಿಂದಲೋ ಇಳಿಯುವ ಒಂದು ಇಳಿಜಾರು ಹುಡುಕಿ, ಒಂದೇ ಗುರುತಿನಿಂದ, ಪೆಡಲ್ ತುಳಿಯದೆ ಜಾರಿ, ಕೆಳಗಿನ ಸಪಾಟಿನಲ್ಲಿ ಎಲ್ಲಿಯವರೆಗೆ ಉರುಳುತ್ತೀರಿ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಟೈರಿನ ಗಾಳಿ, ಬಟ್ಟೆ, ತೂಕ ಯಾವುದನ್ನೂ ಬದಲಿಸದೆ ಮೊಣಕೈಯನ್ನು ಮಾತ್ರ ಎರಡು ಬೆರಳಷ್ಟು ಒಳಕ್ಕೆ ತನ್ನಿ; ಮತ್ತೆ ಜಾರಿ. ಹಳೆಯ ಭಂಗಿ, ಹೊಸ ಭಂಗಿ, ಮತ್ತೆ ಹಳೆಯದು, ಮತ್ತೆ ಹೊಸದು ಎಂದು ಅದಲುಬದಲಾಗಿ ಮಾಡುವುದು ಬಹಳ ಮುಖ್ಯ. ನಡುವೆ ಸಣ್ಣ ಗಾಳಿ ಎದ್ದರೂ ಅದರ ಪರಿಣಾಮ ಎರಡೂ ಭಂಗಿಗಳಿಗೆ ಹಂಚಿಹೋಗುತ್ತದೆ. ಹೊಸ ಭಂಗಿಯ ಗೆರೆಗಳು ಪ್ರತಿ ಸಲವೂ ಮುಂದೆ ಬಿದ್ದರೆ, ಗೆಳೆಯನೊಬ್ಬ ಪಕ್ಕದಿಂದ ಫೋಟೋ ತೆಗೆದುಕೊಳ್ಳಲಿ. ಹ್ಯಾಂಡಲ್ಲಿನ ಎತ್ತರ, ಮೊಣಕೈಗಳ ಅಂತರ ಅಳೆದು ಬರೆದಿಡಿ. ತಡೆ-ವಿಸ್ತೀರ್ಣ 0.24ರಿಂದ 0.23ಕ್ಕೆ ಇಳಿದರೆ 40 ಕಿ.ಮೀ.ಗೆ 40 ಸೆಕೆಂಡಿಗೂ ಹೆಚ್ಚು ಉಳಿಯುತ್ತದೆ. ಮುಂದಿನ ವಾರ ಆ ಭಂಗಿಯಲ್ಲಿ 20 ನಿಮಿಷ ಬಿಡದೆ ತುಳಿದು, ಕುತ್ತಿಗೆ, ಉಸಿರು ತಾಳುತ್ತವೆಯೇ ಎಂದು ನೋಡಿ, ಆಮೇಲೆ ತಲೆಯ ಎತ್ತರಕ್ಕೆ ಕೈ ಹಾಕಬೇಕು.